ಗೇಮಿಂಗ್ ಕಂಪ್ಯೂಟರ್: ಮೊದಲು ಲೆಕ್ಕ, ಆಮೇಲೆ ಖರೀದಿ

ಪಿಯುಸಿ ಫಲಿತಾಂಶ ಬಂದ ಕೂಡಲೇ ನಮ್ಮ ಮನೆಗಳಲ್ಲಿ ಒಂದು ಬೇಡಿಕೆ ಏಳುತ್ತದೆ: "ಗೇಮಿಂಗ್ ಲ್ಯಾಪ್‌ಟಾಪ್ ಬೇಕು." ಗಲ್ಫ್‌ನಲ್ಲಿರುವ ಮಾಮನಿಗೆ ಫೋನ್ ಹೋಗುತ್ತದೆ. ಅಲ್ಲಿಂದ ಬರದಿದ್ದರೆ ಇಎಂಐ ಇದ್ದೇ ಇದೆ. ಉಮ್ಮ ಬೆಲೆ ಕೇಳಿ ಸುಮ್ಮನಾಗುತ್ತಾರೆ. ಬಾಪ ಒಂದೋ "ಆಟಕ್ಕೆ ಒಂದು ಪೈಸೆಯೂ ಇಲ್ಲ" ಅನ್ನುತ್ತಾರೆ, ಇಲ್ಲವೇ ಮಗನ ಮುಖ ನೋಡಿ ಸಾಲ ಮಾಡುತ್ತಾರೆ. ಆಂಧ್ರದ ರೊದ್ದಂನಲ್ಲಿ ಅಂಗಡಿ ಇಟ್ಟುಕೊಂಡಿರುವ ನನ್ನ ಸಂಬಂಧಿಕರೊಬ್ಬರ ಮನೆಯಲ್ಲೂ ಈಚೆಗೆ ಇದೇ ಚರ್ಚೆ ನಡೆಯಿತು. ನನ್ನ ಅಭಿಪ್ರಾಯದಲ್ಲಿ ಈ ಎರಡೂ ಉತ್ತರ ಸರಿಯಲ್ಲ. ಸಾಧಾರಣ ಡೆಸ್ಕ್‌ಟಾಪ್ ಒಂದನ್ನು ನಗದು ಕೊಟ್ಟು ತಂದು, ಕೈಯಲ್ಲಿ ಹಣ ಬಂದಂತೆ ಒಂದೊಂದೇ ಭಾಗ ಸೇರಿಸುತ್ತಾ ಹೋಗುವುದು ನಮ್ಮಂಥ ಕುಟುಂಬಗಳಿಗೆ ಒಳ್ಳೆಯ ದಾರಿ.

ರೊದ್ದಂ ಎಂದಾಗ ಒಂದು ದೊಡ್ಡ ಹೆಸರು ನೆನಪಾಗುತ್ತದೆ. ವಿಮಾನ ವಿಜ್ಞಾನಿ ರೊದ್ದಂ ನರಸಿಂಹ ಅವರ ಮನೆತನದ ಮೂಲ ಈ ಊರು. ಅವರು ಬೆಂಗಳೂರಿನ ಎನ್‌ಎಎಲ್ ಸಂಸ್ಥೆಯ ನಿರ್ದೇಶಕರಾಗಿದ್ದಾಗ, 1986ರಲ್ಲಿ, ಅಲ್ಲಿ 'ಫ್ಲೋಸಾಲ್ವರ್' ಎಂಬ ಕಂಪ್ಯೂಟರ್ ತಯಾರಾಯಿತು. ಗಾಳಿಯ ಹರಿವು, ಹವಾಮಾನದ ಲೆಕ್ಕಗಳಿಗೆ ಆಗ ವಿದೇಶದ ದುಬಾರಿ ಸೂಪರ್ ಕಂಪ್ಯೂಟರ್ ಬೇಕಿತ್ತು. ಎನ್‌ಎಎಲ್‌ನವರು ಮಾರುಕಟ್ಟೆಯಲ್ಲಿ ಸಿಗುತ್ತಿದ್ದ ಇಂಟೆಲ್‌ನ ಸಣ್ಣ ಪ್ರೊಸೆಸರ್‌ಗಳನ್ನೇ ಜೋಡಿಸಿ, ಕೆಲಸವನ್ನು ಅವುಗಳ ನಡುವೆ ಹಂಚಿದರು. ಮುಂದಿನ ವರ್ಷಗಳಲ್ಲಿ ಅದೇ ಯಂತ್ರದ ಹೊಸ ಹೊಸ ಆವೃತ್ತಿಗಳು ಬಂದವು. ನಮ್ಮ ಮಕ್ಕಳ ಕಂಪ್ಯೂಟರಿಗೂ ಅದಕ್ಕೂ ಹೋಲಿಕೆ ಇಲ್ಲ, ನಿಜ. ಆದರೆ ನಮ್ಮ ಕೆಲಸ ಏನು, ಅದಕ್ಕೆ ಎಷ್ಟು ಶಕ್ತಿ ಬೇಕು ಎಂದು ಮೊದಲು ಲೆಕ್ಕ ಹಾಕಿ, ಸಿಗುವುದರಲ್ಲಿ ಕಟ್ಟುವ ಬುದ್ಧಿ ಎರಡಕ್ಕೂ ಒಂದೇ.

ಲ್ಯಾಪ್‌ಟಾಪ್ ಬೇಡ ಅನ್ನುವುದು ಯಾಕೆ? ಗೇಮಿಂಗ್ ಲ್ಯಾಪ್‌ಟಾಪ್‌ನಲ್ಲಿ ರ್ಯಾಮ್, ಎಸ್‌ಎಸ್‌ಡಿ ಬದಲಾಯಿಸಬಹುದು. ಆಟಕ್ಕೆ ಮುಖ್ಯವಾದ ಗ್ರಾಫಿಕ್ಸ್ ಚಿಪ್ ಮಾತ್ರ ಬೋರ್ಡಿಗೇ ಬೆಸುಗೆಯಾಗಿರುತ್ತದೆ. ನಾಲ್ಕು ವರ್ಷದ ನಂತರ ಅದು ಸಾಲದೆ ಬಂದರೆ ಇಡೀ ಲ್ಯಾಪ್‌ಟಾಪ್ ಮಾರಬೇಕು. ಡೆಸ್ಕ್‌ಟಾಪ್‌ನಲ್ಲಿ ಒಂದು ಭಾಗ ಹಳತಾದರೆ ಅದನ್ನು ಮಾತ್ರ ಬದಲಾಯಿಸಿದರೆ ಸಾಕು. ಮಗ ಹಾಸ್ಟೆಲಿನಲ್ಲಿ ಓದುವವನಾದರೆ ಮಾತು ಬೇರೆ.

ಎಎಂಡಿ ಕಂಪನಿಯ ಎಎಂ4 ಸಾಕೆಟ್ ಇದಕ್ಕೆ ಒಳ್ಳೆಯ ಉದಾಹರಣೆ. 2017ರಲ್ಲಿ ಮೊದಲ ರೈಝನ್ ಪ್ರೊಸೆಸರ್‌ಗಾಗಿ ಕೊಂಡ ಅನೇಕ ಮದರ್‌ಬೋರ್ಡ್‌ಗಳಲ್ಲಿ, ಬಯೋಸ್ ಅಪ್‌ಡೇಟ್ ಮಾಡಿದ ಮೇಲೆ, 2022ರ ಪ್ರೊಸೆಸರ್ ಕೂಡ ಕೂರುತ್ತದೆ. ಇದೇ ಸಾಕೆಟ್‌ನ ರೈಝನ್ 5 5600ಜಿ ಪ್ರೊಸೆಸರಿನ ಒಳಗೇ ಗ್ರಾಫಿಕ್ಸ್ ಇದೆ. ವ್ಯಾಲರಂಟ್‌ನಂಥ ಹಗುರ ಆಟಗಳು ಅದರಲ್ಲೇ ನಡೆಯುತ್ತವೆ. ಗ್ರಾಫಿಕ್ಸ್ ಕಾರ್ಡ್ ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಬಹುದು. ಒಂದು ಸೂಕ್ಷ್ಮ ಗಮನಿಸಿ: ಈ ಒಳಗಿನ ಗ್ರಾಫಿಕ್ಸ್ ಕಂಪ್ಯೂಟರಿನ ರ್ಯಾಮನ್ನೇ ಬಳಸುತ್ತದೆ. ಆದ್ದರಿಂದ 16 ಜಿಬಿಯ ಒಂದು ಪಟ್ಟಿಗಿಂತ 8 ಜಿಬಿಯ ಎರಡು ಪಟ್ಟಿ ಹಾಕಿದರೆ ಆಟ ಚುರುಕಾಗುತ್ತದೆ. 2025ರ ಕೊನೆಯಲ್ಲಿ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ರ್ಯಾಮ್ ಬೆಲೆ ತುಂಬ ಏರಿತು. ಮನೆಯಲ್ಲಿ ಹಳೆಯ ಡಿಡಿಆರ್4 ಪಟ್ಟಿ ಇದ್ದರೆ ಎಸೆಯಬೇಡಿ.

ಸೆಕೆಂಡ್ ಹ್ಯಾಂಡ್ ಕೊಳ್ಳಲು ನಾಚಿಕೆ ಬೇಡ. ರೊದ್ದಂನವರು ಹಿಂದೂಪುರದಿಂದ ರೈಲು ಹತ್ತಿದರೆ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಬರಬಹುದು. ಕಂಪನಿಗಳು ಬದಲಾಯಿಸಿ ಮಾರಿದ ಆಫೀಸು ಡೆಸ್ಕ್‌ಟಾಪ್‌ಗಳು ಅಗ್ಗವಾಗಿ ಸಿಗುತ್ತವೆ. ಕೊಳ್ಳುವ ಮೊದಲು ಎರಡು ಪ್ರಶ್ನೆ ಕೇಳಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಂಟೆಲ್ ಆದರೆ ಎಂಟನೇ ತಲೆಮಾರು ಅಥವಾ ಅದರ ನಂತರದ್ದೇ? ಪೆಟ್ಟಿಗೆ ತೀರಾ ತೆಳುವಾಗಿದ್ದರೆ ಗಿಡ್ಡ ಕಾರ್ಡ್ ಮಾತ್ರ ಹಿಡಿಸುತ್ತದೆ. ಮಾಮೂಲಿ ಗ್ರಾಫಿಕ್ಸ್ ಕಾರ್ಡ್ ಕೂರಿಸಲು ಜಾಗ ಇದೆಯೇ? ಜಿಟಿಎಕ್ಸ್ 1650ರಂಥ 75 ವ್ಯಾಟ್‌ನ ಕಾರ್ಡ್‌ಗಳಲ್ಲಿ ಹಲವಕ್ಕೆ ಬೇರೆ ಪವರ್ ವೈರ್ ಬೇಡ, ಹಾಗಾಗಿ ಇಂಥ ಡೆಸ್ಕ್‌ಟಾಪ್‌ಗೆ ಹೊಂದುತ್ತವೆ. ಹಳೆಯ ಕಾರ್ಡ್ ಕೊಳ್ಳುವಾಗ ಅಂಗಡಿಯಲ್ಲೇ ಅರ್ಧ ಗಂಟೆ ಆಟ ಓಡಿಸಿ ನೋಡಿ. 2022ರ ಸೆಪ್ಟೆಂಬರ್‌ನಲ್ಲಿ ಎಥೀರಿಯಂ ಮೈನಿಂಗ್ ನಿಂತ ಮೇಲೆ ಹಗಲು ರಾತ್ರಿ ದುಡಿದ ಕಾರ್ಡ್‌ಗಳು ಪೇಟೆಗೆ ಬಂದಿವೆ. ಗಲ್ಫ್‌ನಿಂದ ಕಾರ್ಡ್ ತರಿಸುವವರು ವಾರಂಟಿ ಭಾರತದಲ್ಲಿ ನಡೆಯುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಉಳಿತಾಯ ಮಾಡಬಾರದ ಒಂದು ಭಾಗ ಇದೆ: ಪವರ್ ಸಪ್ಲೈ. ಬಣ್ಣದ ದೀಪದ ಕ್ಯಾಬಿನೆಟ್ ಕೊಂಡು ಹೆಸರಿಲ್ಲದ ಪವರ್ ಸಪ್ಲೈ ಹಾಕುವವರಿದ್ದಾರೆ. ಅದು ಕೆಟ್ಟರೆ ಮದರ್‌ಬೋರ್ಡನ್ನೂ ಸುಟ್ಟು ಹೋಗಬಹುದು. ಕರೆಂಟು ಏರಿಳಿಯುವ ಊರಿನಲ್ಲಿ ಯುಪಿಎಸ್ ಕೂಡ ಅಗತ್ಯ. ದೀಪ ಇಲ್ಲದಿದ್ದರೂ ಆಟ ನಡೆಯುತ್ತದೆ.

ಮುಂದೆ ಯಾವ ಭಾಗ ಬದಲಾಯಿಸಬೇಕು ಎಂಬುದನ್ನು ಯೂಟ್ಯೂಬ್ ನೋಡಿ ತೀರ್ಮಾನಿಸುವುದಲ್ಲ. ದೊಡ್ಡ ಟ್ಯಾಂಕಿ ಕಟ್ಟಿ ಅರ್ಧ ಇಂಚಿನ ಪೈಪು ಹಾಕಿದರೆ ನೀರು ಅಷ್ಟೇ ಬರುತ್ತದೆ. ಆಟ ನಡೆಯುತ್ತಿರುವಾಗ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ಗ್ರಾಫಿಕ್ಸ್ ಕಾರ್ಡ್ ಪೂರ್ತಿ ದುಡಿಯುತ್ತಿದ್ದರೆ ಕಾರ್ಡ್ ಸಾಲುತ್ತಿಲ್ಲ. ಅದು ಅರ್ಧ ಖಾಲಿ ಇದ್ದೂ ಆಟ ಎಳೆಯುತ್ತಿದ್ದರೆ ಹೆಚ್ಚಾಗಿ ಪ್ರೊಸೆಸರ್ ಸಾಲುತ್ತಿಲ್ಲ. ಮೆಮೊರಿ ತುಂಬಿದ್ದರೆ ರ್ಯಾಮ್. ಮಾನಿಟರ್ 60 ಹರ್ಟ್ಸ್‌ನದ್ದಾದರೆ, ಕಾರ್ಡ್ 140 ಫ್ರೇಮ್ ಕೊಟ್ಟರೂ ಕಣ್ಣಿಗೆ ಬೀಳುವುದು ಸೆಕೆಂಡಿಗೆ 60 ಮಾತ್ರ.

"ಆಟಕ್ಕೆ ಹಣ ಹಾಕುವುದೇ ದುಂದು" ಎನ್ನುವ ಹಿರಿಯರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ನಿಜವಾದ ಅಪಾಯ ಎಲ್ಲಿದೆ ನೋಡಿ. ಹಣ ಕಟ್ಟಿ ಆಡುವ ಆ್ಯಪ್‌ಗಳನ್ನು ನಿಷೇಧಿಸಲು ಸಂಸತ್ತು 2025ರ ಆಗಸ್ಟ್‌ನಲ್ಲಿ ಕಾನೂನೇ ತರಬೇಕಾಯಿತು. ಅಂಥ ಆಟ ನಡೆಯುವುದು ಕಿಸೆಯಲ್ಲಿರುವ ಮೊಬೈಲಿನಲ್ಲಿ, ಮುಚ್ಚಿದ ಬಾಗಿಲಿನ ಹಿಂದೆ. ಚಾವಡಿಯಲ್ಲಿ ಎಲ್ಲರ ಕಣ್ಣೆದುರು ಇರುವ ಡೆಸ್ಕ್‌ಟಾಪ್ ಅದಕ್ಕಿಂತ ಎಷ್ಟೋ ಮೇಲು. ತಂಗಿಯ ಆನ್‌ಲೈನ್ ಪಾಠ, ಅಂಗಡಿಯ ಟ್ಯಾಲಿ ಲೆಕ್ಕ, ಮಗನ ಕೋಡಿಂಗ್ ಎಲ್ಲವೂ ಅದರಲ್ಲೇ ಆಗುತ್ತದೆ.

ಹಾಗಾಗಿ ಮಗನ (ಮಗಳೂ ಕೇಳಬಹುದು) ಬೇಡಿಕೆಗೆ ಕೂಡಲೇ ಹೌದು, ಇಲ್ಲ ಅನ್ನಬೇಡಿ. ಅವನ ಕೈಗೆ ಒಂದು ಪುಸ್ತಕ ಕೊಡಿ. ಯಾವ ಆಟ ಆಡಬೇಕು, ಅದಕ್ಕೆ ಏನೇನು ಭಾಗ ಬೇಕು, ಮೂರು ಅಂಗಡಿಗಳಲ್ಲಿ ಬೆಲೆ ಎಷ್ಟು, ಈ ವರ್ಷ ಯಾವುದು, ಮುಂದಿನ ವರ್ಷ ಯಾವುದು ಎಂದು ಬರೆದು ತರಲಿ. ಆ ಲೆಕ್ಕ ಸರಿ ಇದ್ದರೆ ಮೊದಲ ಕಂತಿನ ಭಾಗಗಳನ್ನು ನಗದು ಕೊಟ್ಟು ಕೊಡಿಸಿ. ಜೋಡಿಸುವ ಕೆಲಸ ಅವನೇ ಮಾಡಲಿ.