ಯಂತ್ರಬಲವೂ ಮಲೆನಾಡಿನ ಮಂಜೂ

ಶಸ್ತ್ರಬಲವೊಂದಿದ್ದರೆ ಸಾಕು, ಮಿಕ್ಕುದೆಲ್ಲವೂ ತಾನಾಗಿಯೇ ಸಿದ್ಧಿಸುವುದೆಂಬ ಭ್ರಾಂತಿಯು ಈ ಕಾಲದಲ್ಲಿ ವಿದ್ಯಾವಂತರನ್ನೂ ಬಿಟ್ಟಿಲ್ಲ. ಡ್ರೋನುಗಳೂ, ಕತ್ತಲೆಯಲ್ಲಿ ದೇಹದ ಶಾಖವನ್ನು ಗುರುತಿಸುವ ಕ್ಯಾಮರಾಗಳೂ, ಉಪಗ್ರಹಗಳೂ ಇರುವಾಗ ಕಾಡಿನಲ್ಲಡಗಿದ ನಾಲ್ಕು ಮಂದಿಯ ಮಾತೇನು ಎಂದು ಇವರು ಕೇಳುವರು. ಇಂತಹವರು ಆಷಾಢದಲ್ಲೊಮ್ಮೆ ಕೊಟ್ಟಿಗೆಹಾರಕ್ಕೆ ಬಂದು, ಚಾರ್ಮಾಡಿ ಘಟ್ಟದ ತಿರುವಿನಲ್ಲಿ ನಿಂತು ನೋಡುವುದು ಒಳ್ಳೆಯದು. ಹತ್ತು ಮಾರು ದೂರದ ಮರವೂ ಮಂಜಿನಲ್ಲಿ ಕಾಣದು. ಗಾಳಿಮಳೆಗೆ ಸಣ್ಣ ಡ್ರೋನು ನಿಲ್ಲಲಾರದು. ದಟ್ಟವಾದ ಎಲೆಯ ಚಪ್ಪರವು ಶಾಖವನ್ನರಸುವ ಯಂತ್ರದ ಕಣ್ಣನ್ನೂ ಮಂಕಾಗಿಸುವುದು.

ಯಂತ್ರವನ್ನು ಇನ್ನಷ್ಟು ಸುಧಾರಿಸಿದರಾಯಿತೆಂದು ಪ್ರತಿವಾದಿಗಳು ಹೇಳಬಹುದು. ಸುಧಾರಿಸಲಿ, ಆದರೂ ಮೂಲಪ್ರಶ್ನೆಯು ಉಳಿದೇ ಇರುವುದು. ಇದಕ್ಕೆ ಈ ಸೀಮೆಯ ಚರಿತ್ರೆಯೇ ಸಾಕ್ಷಿ. 1799ರಲ್ಲಿ ಶ್ರೀರಂಗಪಟ್ಟಣದ ಮಹಾದುರ್ಗವು ಇಂಗ್ಲಿಷರ ಫಿರಂಗಿಗಳಿಗೆ ಸುಮಾರು ಒಂದು ತಿಂಗಳೊಳಗೆ ಬಿದ್ದಿತು. ಅದೇ ಸೇನೆಯು ಬಲಂ ಸೀಮೆಯ ಕಾಡಿನಲ್ಲಿ ವೆಂಕಟಾದ್ರಿ ನಾಯಕನನ್ನು ಅಡಗಿಸಲು 1802ರವರೆಗೆ ಹೆಣಗಬೇಕಾಯಿತು. 1800ರಲ್ಲಿ ಅರಕೆರೆಯ ಮೇಲೆ ನಡೆದ ದಾಳಿಗಳಲ್ಲಿ ಬಹು ನಷ್ಟವಾಯಿತು. ಸ್ಥಳವು ಕೈಸೇರಿದರೂ ನಾಯಕನು ಸಿಕ್ಕಲಿಲ್ಲ.

ಕೊನೆಗೆ ವೆಲ್ಲೆಸ್ಲಿಯು ಗೆದ್ದನಲ್ಲವೇ, ನಾಯಕನು ಗಲ್ಲಿಗೇರಿದನಲ್ಲವೇ ಎಂಬ ಆಕ್ಷೇಪವು ಬರುವುದು ಸಹಜ. ಅಹುದು, ಗೆದ್ದನು. ಆದರೆ ಹೇಗೆ? ಕಾಡನ್ನು ಕಡಿದು ದಾರಿ ಮಾಡಿಸಿ, ದಿವಾನ್ ಪೂರ್ಣಯ್ಯನವರ ನೆರವನ್ನು ಪಡೆದು ಗೆದ್ದನು. ಫಿರಂಗಿಗಿಂತ ಮೊದಲು ಕೊಡಲಿಯೂ, ನೆಲವನ್ನು ಬಲ್ಲವರ ಸಹಾಯವೂ ಅವನಿಗೆ ಬೇಕಾಯಿತು. ಇದು ಯಂತ್ರವಾದಿಗಳ ಪಕ್ಷವನ್ನು ಪೋಷಿಸುವ ನಿದರ್ಶನವಲ್ಲ.

ಹಳೆಯ ಕಥೆ ಬೇಡವೆಂದರೆ ಸಮೀಪದ್ದನ್ನೇ ನೋಡಬಹುದು. ಕುದುರೆಮುಖ ರಾಷ್ಟ್ರೀಯ ಉದ್ಯಾನದಿಂದ ತಮ್ಮನ್ನು ಎಬ್ಬಿಸುವರೆಂಬ ಭಯವು ಮಲೆಕುಡಿಯರೇ ಮೊದಲಾದ ಅರಣ್ಯವಾಸಿಗಳನ್ನು ಕಾಡಿದ ಕಾಲದಲ್ಲಿ ನಕ್ಸಲರು ಈ ಮಲೆಗಳಲ್ಲಿ ಬೇರೂರಿದರು. 2005ರ ಫೆಬ್ರವರಿಯಲ್ಲಿ ಅವರ ನಾಯಕ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಬಲಿಯಾದಾಗ ಎಲ್ಲವೂ ಮುಗಿಯಿತೆಂದು ಹಲವರು ಎಣಿಸಿದರು. ಕೆಲವೇ ದಿನಗಳಲ್ಲಿ ಪಾವಗಡದ ವೆಂಕಟಮ್ಮನಹಳ್ಳಿಯಲ್ಲಿ ಪೊಲೀಸರ ರಕ್ತವು ಹರಿಯಿತು. ಆ ಬಳಿಕ ಸುಮಾರು 20 ವರ್ಷ ಶೋಧವು ನಡೆದೇ ಇದ್ದಿತು. 2025ರ ಜನವರಿ 8ರಂದು ಆರು ಮಂದಿ ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಎದುರು ಶರಣಾದರು. ಇವರನ್ನು ಕರೆತಂದುದು ಯಾವ ಡ್ರೋನು? ಶಾಂತಿಗಾಗಿ ನಾಗರಿಕ ವೇದಿಕೆಯವರು ನಡುವೆ ನಿಂತು ಆಡಿದ ಮಾತು, ಸರ್ಕಾರವು ಕೊಟ್ಟ ವಚನ. ಹಿಂದಿನ ನವೆಂಬರಿನಲ್ಲಿ ಕಬ್ಬಿನಾಲೆಯ ಬಳಿ ವಿಕ್ರಂ ಗೌಡ ಹತನಾದುದರ ಭಯವೂ ಒಂದು ಕಾರಣವಾಗಿರಬಹುದು. ಆದರೆ ಭಯವು ಮನುಷ್ಯನನ್ನು ಕಾಡಿನ ಇನ್ನೊಂದು ಮೂಲೆಗೆ ಓಡಿಸಬಲ್ಲುದೇ ಹೊರತು ಊರಿಗೆ ಕರೆತರಲಾರದು. ಅದಕ್ಕೆ ನಂಬಿಕೆಯು ಬೇಕು.

ಇದು ಬಂದೂಕು ಹಿಡಿದವರ ಸ್ತುತಿಯಲ್ಲ. ಅವರ ಕೈಯಲ್ಲೂ ನಿರಪರಾಧಿಗಳು ಸತ್ತರು. ಅವರ ದಾರಿಯಿಂದಲೂ ಮಲೆಕುಡಿಯರಿಗೆ ಒಂದು ಗುಂಟೆ ಭೂಮಿ ದೊರೆಯಲಿಲ್ಲ. ಇಲ್ಲಿ ಹೇಳಬೇಕಾದುದಿಷ್ಟೆ: ಆಯುಧವು ಶತ್ರುವನ್ನು ಕೊಲ್ಲಬಲ್ಲುದು, ಶತ್ರುತ್ವದ ಕಾರಣವನ್ನು ಕೊಲ್ಲಲಾರದು. ಸಕಲ ಯಂತ್ರಸಂಪನ್ನವಾದ ಅಮೆರಿಕವು ಬೆಂಬಲಿಸಿದ ಸೈಗಾನ್ 1975ರಲ್ಲಿಯೂ ಕಾಬೂಲ್ 2021ರಲ್ಲಿಯೂ ಉರುಳಿದುದು ಈ ತತ್ತ್ವಕ್ಕೇ ಭಾಷ್ಯವು. ಕೌಟಿಲ್ಯನು ಕೋಶ-ಸೇನೆಗಳ ಪ್ರಭುಶಕ್ತಿಗಿಂತಲೂ ಆಲೋಚನೆಯ ಮಂತ್ರಶಕ್ತಿಯನ್ನು ಮೇಲೆಂದು ಎಣಿಸಿದನು. ಅವನನ್ನು ಭಾವುಕನೆಂದು ಹಳಿಯುವವರು ಯಾರೂ ಇಲ್ಲ.

ಆದಕಾರಣ ಶರಣಾಗತಿಯೊಡನೆ ಕಾರ್ಯವು ಮುಗಿಯಿತೆಂದು ತಿಳಿಯುವುದು ಅವಿವೇಕವು. ಕೊಟ್ಟ ವಚನಗಳು, ಭೂಮಿಯ ಹಕ್ಕು, ಮಲೆಯ ಮನೆಗಳಿಗೆ ದಾರಿ, ಮಕ್ಕಳಿಗೆ ಶಾಲೆ, ಇವು ನಡೆಯಬೇಕು. ನಡೆಯದಿದ್ದರೆ ಇಂದು ಬರಿದಾದ ಕಾಡು ನಾಳೆಯೂ ಬರಿದಾಗಿರುವುದೆಂಬ ಭರವಸೆಯನ್ನು ಯಾವ ಯಂತ್ರವೂ ಕೊಡಲಾರದು.