ಹಳದಿ ದೀಪ

ಗೌರಿಹಬ್ಬಕ್ಕೆ ಮುಂಬಯಿಯಿಂದ ಧಾರವಾಡಕ್ಕೆ ಹೊರಡಲು ಎರಡೇ ದಿನ ಉಳಿದಿತ್ತು. ಆಗಲೇ ನಮ್ಮ ಕಾರಿನಲ್ಲಿ ಎ.ಬಿ.ಎಸ್. ಎಂಬ ಹಳದಿ ದೀಪ ಹತ್ತಿಕೊಂಡಿತು; ಆರಲೊಲ್ಲದು. "ಬ್ರೇಕು ಹಿಡಿಯುತ್ತದಲ್ಲ, ದೀಪದ ಮೇಲೊಂದು ಚೀಟಿ ಅಂಟಿಸಿದರಾಯಿತು" ಎಂದೆವು. ಕಡತಕ್ಕೆ ಚೀಟಿ ಅಂಟಿಸಿ ಮುಂದೆ ದೂಡುವ ಗುಮಾಸ್ತರಲ್ಲವೆ ನಾವು! "ಮಕ್ಕಳನ್ನು ಕೂರಿಸಿಕೊಂಡು ಘಟ್ಟ ಇಳಿಯುವುದು ನಿಮ್ಮ ಕಡತವಲ್ಲ" ಎಂದರು ಮನೆಯವರು.

ಮೆಕ್ಯಾನಿಕ್ ವಿವರಿಸಿದ. ಪ್ರತಿ ಚಕ್ರದ ಬಳಿಯೂ ಒಂದು ಪುಟ್ಟ ಸೆನ್ಸರ್ ಕುಳಿತು ಚಕ್ರದ ವೇಗವನ್ನು ವರದಿ ಮಾಡುತ್ತದೆ. ಜೋರಾಗಿ ಬ್ರೇಕು ಒತ್ತಿದಾಗ ಯಾವ ಚಕ್ರ ಕಚ್ಚಿ ನಿಲ್ಲುವಂತಿದೆಯೋ ಅದರ ಬ್ರೇಕನ್ನು ಯಂತ್ರವು ಸೆಕೆಂಡಿಗೆ ಹಲವು ಬಾರಿ ಸಡಿಲಿಸಿ ಬಿಗಿಯುತ್ತದೆ. ವರದಿ ನಿಂತರೆ ಆ ಕಾವಲಿಲ್ಲ. ಬರಿಯ ಬ್ರೇಕು ಮಾತ್ರ. ಒದ್ದೆ ರಸ್ತೆಯಲ್ಲಿ ಮುಂದಿನ ಚಕ್ರ ಕಚ್ಚಿದರೆ ಸ್ಟಿಯರಿಂಗ್ ತಿರುಗಿಸಿದರೂ ಕಾರು ತಿರುಗದು.

ಬೋಲ್ಟು ಬಂತು, ಸೆನ್ಸರ್ ಬರಲಿಲ್ಲ. ಮುಂಬಯಿಯ ಮಳೆಗಾಲಗಳ ತುಕ್ಕು ಅದನ್ನು ತೂತಿನಲ್ಲೇ ಬಿಗಿದಿತ್ತು. ನಾವು ಇಕ್ಕಳಕ್ಕೆ ಕೈಹಾಕಿದೆವು. "ಎಳೆಯಬೇಡಿ ಸಾಹೇಬರೇ, ತಲೆ ಮುರಿದು ಬುಡ ಒಳಗೇ ಉಳಿಯುತ್ತದೆ" ಎಂದು ತಡೆದ. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯೆಲ್ಲ ಬಿಟ್ಟ. ಬೆಳಿಗ್ಗೆ ಅತ್ತಿತ್ತ ಮೆಲ್ಲಗೆ ತಿರುವಿದಾಗ ಅದು ಇಡಿಯಾಗಿ ಕೈಗೆ ಬಂತು. ತೂತಿನ ತುಕ್ಕನ್ನು ಉಜ್ಜಿ ತೆಗೆದೇ ಹೊಸದನ್ನು ಕೂರಿಸಿದ. ಇಲ್ಲವಾದರೆ ಅದೂ ನೆಟ್ಟಗೆ ಕೂರದಂತೆ. ಸ್ವಲ್ಪ ದೂರ ಓಡಿಸಿದ ಮೇಲೆ ದೀಪ ಆರಿತು.

ಘಟ್ಟದಲ್ಲಿ ಮಳೆ ಸುರಿಯಿತು. ಹಿಂದೆ ಮಕ್ಕಳು ನಿದ್ದೆಹೋಗಿದ್ದರು.

ವಾಚಕರೇ, ಊರಿಗೆ ಹೊರಡುವಾಗ ಬುತ್ತಿ ಕಟ್ಟಿದ ಮೇಲೆ ಆ ದೀಪವನ್ನೂ ಒಮ್ಮೆ ನೋಡಿಕೊಳ್ಳಿರಿ. ಚೀಟಿ ಮಾತ್ರ ಅಂಟಿಸಬೇಡಿರಿ.