ಅಮ್ಮ ಕದ್ದು ಹೋದರೆ ಕೂಸು ಒಗ್ಗುವುದೆ?

ಬೆಳಗ್ಗೆ ಒಂಬತ್ತರ ಸುಮಾರಿಗೆ ಯಾದವಗಿರಿಯ ಅಡ್ಡರಸ್ತೆಗಳಲ್ಲಿ ನಡೆದುಹೋಗುವವರಿಗೆ ಈ ನೋಟ ಹೊಸದಲ್ಲ. ಡೇ ಕೇರ್ ಗೇಟಿನ ಮುಂದೆ ಸ್ಕೂಟರ್ ನಿಲ್ಲುತ್ತದೆ. ವರ್ಷ, ಒಂದೂವರೆ ವರ್ಷದ ಕೂಸು ತಾಯಿಯ ಕೊರಳಿಗೆ ಜೋತುಬೀಳುತ್ತದೆ. ಒಳಗಿನಿಂದ ಬಂದ ಆಯಾ "ನೀವು ಹೊರಡೀಮ್ಮ, ನೋಡ್ತಾ ನಿಂತ್ರೆ ಇನ್ನೂ ಜಾಸ್ತಿ ಮಾಡುತ್ತೆ" ಎಂದು ಮಗುವನ್ನು ಎತ್ತಿಕೊಂಡು, ಗೊಂಬೆ ತೋರಿಸಿ ಆ ಕಡೆಗೆ ತಿರುಗಿಸುತ್ತಾಳೆ. ಅಷ್ಟರಲ್ಲಿ ತಾಯಿ ಗೇಟು ದಾಟಿರುತ್ತಾಳೆ. ಮಗು ಈ ಕಡೆ ತಿರುಗಿದರೆ ಅಮ್ಮ ಇಲ್ಲ!

ಕಣ್ಣು ತಪ್ಪಿಸಿ ಹೋಗುವ ಈ ಉಪಾಯ ಅಜ್ಜಿಯರ ಕಾಲದ್ದು. ಆಗ ಅದು ನಡೆಯುತ್ತಿತ್ತು, ಏಕೆಂದರೆ ಅಮ್ಮ ಮಾಯವಾದರೂ ಅಜ್ಜಿಯ ಮಡಿಲು, ಅದೇ ಪಡಸಾಲೆ, ಅದೇ ತೊಟ್ಟಿಲು ಅಲ್ಲೇ ಇರುತ್ತಿದ್ದವು. ಡೇ ಕೇರ್‌ನಲ್ಲಿ ಮನೆ ಹೊಸದು, ಮುಖ ಹೊಸದು, ಅನ್ನದ ರುಚಿಯೂ ಹೊಸದು. ಅಲ್ಲಿ ಅಮ್ಮ ಹೇಳದೆ ಹೋದರೆ ಮಗು ಕಲಿಯುವ ಪಾಠ ಒಂದೇ: ಅತ್ತಿತ್ತ ನೋಡಿದರೆ ಅಮ್ಮ ಹೋಗಿಬಿಡುತ್ತಾಳೆ. ಮಾರನೆಯ ದಿನ ಅದು ಇನ್ನೂ ಬಿಗಿಯಾಗಿ ಅಪ್ಪಿಕೊಂಡರೆ ಹಟಮಾರಿ ಎಂದು ಬೈಯುವುದು ಯಾವ ನ್ಯಾಯ?

ಮೈಸೂರಿಗೆ ಮನಃಶಾಸ್ತ್ರವೇನೂ ಅಪರಿಚಿತವಲ್ಲ. 1935ರಲ್ಲಿ ತಮ್ಮ ಮನೆಯಲ್ಲೇ 'ಆಕಾಶವಾಣಿ' ಶುರು ಮಾಡಿದ ಡಾ. ಎಂ.ವಿ. ಗೋಪಾಲಸ್ವಾಮಿಯವರು ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕರೇ ಆಗಿದ್ದರು. ಆ ಶಾಸ್ತ್ರದವರು ಹೇಳುವುದು ಇಷ್ಟು: ಎಂಟು ತಿಂಗಳ ಆಸುಪಾಸಿನಲ್ಲಿ ಕೂಸಿಗೆ ತನ್ನವರು ಅಗಲುವ ಭಯ ಹುಟ್ಟುತ್ತದೆ, ಹತ್ತರಿಂದ ಹದಿನೆಂಟು ತಿಂಗಳವರೆಗೆ ಅದು ಜೋರಾಗಿರುತ್ತದೆ, ಆಮೇಲೆ ಮೆಲ್ಲಗೆ ಇಳಿಯುತ್ತದೆ. ಇದು ರೋಗವಲ್ಲ, ಬೆಳವಣಿಗೆ.

ಈಗ ರಜೆಯ ಲೆಕ್ಕ ನೋಡಿ. 2017ರ ತಿದ್ದುಪಡಿ ಹೆರಿಗೆ ರಜೆಯನ್ನು 26 ವಾರಕ್ಕೆ ಏರಿಸಿತು. ಅದು ಮುಗಿಯುವಾಗ ಮಗುವಿಗೆ ಹೆಚ್ಚೆಂದರೆ ಆರು ತಿಂಗಳು. ಊರಿನಿಂದ ಅಜ್ಜಿ ಬಂದು ಮೊದಲ ಹುಟ್ಟುಹಬ್ಬದವರೆಗೆ ನಿಭಾಯಿಸುತ್ತಾರೆ. ಅವರಿಗೂ ಮನೆ, ಗದ್ದೆ, ಮಂಡಿನೋವು ಇರುತ್ತದಲ್ಲ, ವಾಪಸು ಹೋಗುತ್ತಾರೆ. ಹೀಗೆ, ಅಗಲಿಕೆ ಅತ್ಯಂತ ಕಷ್ಟವಾಗುವ ವಯಸ್ಸಿನಲ್ಲೇ ಕೂಸು ಡೇ ಕೇರ್ ಮೆಟ್ಟಿಲು ಹತ್ತುತ್ತದೆ.

"ಎರಡು ದಿನ ಅತ್ತು ಸುಮ್ಮನಾಗುತ್ತೆ ಬಿಡಿ" ಎನ್ನುವವರಿದ್ದಾರೆ. ಸುಮ್ಮನಾಗುವುದು ಬೇರೆ, ಒಗ್ಗುವುದು ಬೇರೆ. ಇಂಗ್ಲೆಂಡಿನ ಜೇಮ್ಸ್ ಮತ್ತು ಜಾಯ್ಸ್ ರಾಬರ್ಟ್‌ಸನ್ ದಂಪತಿ 1969ರಲ್ಲಿ ಜಾನ್ ಎಂಬ ಹದಿನೇಳು ತಿಂಗಳ ಮಗುವಿನ ಚಿತ್ರ ತೆಗೆದರು. ತಾಯಿ ಎರಡನೇ ಹೆರಿಗೆಗೆ ಹೋಗಿದ್ದಾಗ ಅವನನ್ನು ಒಂಬತ್ತು ದಿನ ಶಿಶುನಿಲಯದಲ್ಲಿ ಬಿಟ್ಟಿದ್ದರು. ನೋಡಿಕೊಳ್ಳುವವರು ಸರದಿಯ ಪ್ರಕಾರ ಬದಲಾಗುತ್ತಲೇ ಇದ್ದರು. ಮಗು ಮೊದಲು ಯಾರಾದರೊಬ್ಬರನ್ನು ಹಿಡಿದುಕೊಳ್ಳಲು ನೋಡಿತು, ಆಮೇಲೆ ಅತ್ತಿತು, ಕೊನೆಗೆ ಸೋತು ಮಲಗಿತು. ತಾಯಿ ಬಂದಾಗ ಅವಳ ತೋಳಿಗೂ ಬರಲೊಲ್ಲದೆ ಕೊಸರಾಡಿತು. ದಿನವೂ ಸಂಜೆ ಮನೆಗೆ ಹೋಗುವ ಕೂಸಿನ ಪಾಡು ಅಷ್ಟು ಘೋರವಲ್ಲ, ನಿಜ. ಆದರೆ ದಿನಕ್ಕೊಬ್ಬ ಆಯಾ ಇರುವ ಕಡೆ ಯಾವ ಕೂಸೂ ಬೇಗ ಒಗ್ಗದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಜರ್ಮನಿಯಲ್ಲಿ 1980ರ ದಶಕದಲ್ಲಿ ರೂಪುಗೊಂಡ 'ಬರ್ಲಿನ್ ಪದ್ಧತಿ' ಸರಳ. ಮೊದಲ ಮೂರು ದಿನ ತಾಯಿ ಅಥವಾ ತಂದೆ ಮಗುವಿನ ಜೊತೆ ಅಲ್ಲೇ ಕೂರಬೇಕು, ಸುಮಾರು ಒಂದು ಗಂಟೆ. ನಾಲ್ಕನೆಯ ದಿನ "ಹೋಗಿ ಬರ್ತೀನಿ" ಎಂದು ಹೇಳಿಯೇ ಹೊರಗೆ ಹೋಗಬೇಕು, ಹೆಚ್ಚೆಂದರೆ ಅರ್ಧ ಗಂಟೆ. ಗೊತ್ತಾದ ಒಬ್ಬಳೇ ಮಿಸ್ಸು ಸಮಾಧಾನ ಮಾಡಬೇಕು. ಮಗು ಅವಳ ಕೈಗೆ ಬಂದರೆ ಸಮಯ ಹೆಚ್ಚಿಸುವುದು, ಇಲ್ಲವಾದರೆ ಇನ್ನೊಂದಷ್ಟು ದಿನ ಕೂರುವುದು.

ನಮ್ಮಲ್ಲಿ ಒಳಗೆ ಕೂರಲು ಬಿಡುವವರು ಯಾರು? ಗೇಟಿನಲ್ಲೇ ಕೈಬದಲಾವಣೆ. ಅದರ ಬದಲಿಗೆ ಮೊಬೈಲಿನಲ್ಲಿ ಕ್ಯಾಮೆರಾ ತೋರಿಸುತ್ತಾರಂತೆ! ತಾಯಿ ಬಸ್ಸಿನ ಕಂಬಿ ಹಿಡಿದು ನಿಂತು, ಮಗು ಅಳುವುದನ್ನು ಪರದೆಯ ಮೇಲೆ ನೋಡಬಹುದು. ಮಗುವಿಗೆ ಅದರಿಂದೇನು ಬಂತು?

ಇನ್ನು ಧಣಿಗಳ ಮಾತು. 2017ರ ಅದೇ ತಿದ್ದುಪಡಿ 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕೆಂದಿತು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿಬರಬಹುದೆಂದಿತು. ಸಂತೋಷ. ಆದರೆ ದೇವರಾಜ ಅರಸು ರಸ್ತೆಯಲ್ಲಿ ಐದಾರು ಹೆಣ್ಣುಮಕ್ಕಳು ಸೀರೆ ಬಿಡಿಸಿ ತೋರಿಸುವ ಅಂಗಡಿಗೆ ಅದು ತಾಗುವುದಿಲ್ಲ. ಅಂಗನವಾಡಿಗಳಿವೆ, 1975ರ ಅಕ್ಟೋಬರ್ 2ರಂದು ರಾಜ್ಯದಲ್ಲಿ ಮೊದಲು ಶುರುವಾದದ್ದೇ ನಮ್ಮ ತಿ. ನರಸೀಪುರದಲ್ಲಿ. ಅಂಗಡಿ ಮುಚ್ಚುವ ಹೊತ್ತಿನವರೆಗೆ ಅವು ತೆರೆದಿರುವುದಿಲ್ಲ. 2023ರ ಜೂನ್ 11ರಿಂದ 'ಶಕ್ತಿ' ಯೋಜನೆಯಲ್ಲಿ ತಾಯಿಗೆ ಬಸ್ ಟಿಕೆಟ್ ಬಿಟ್ಟಿ ಸಿಕ್ಕಿತು, ಕೂಸಿಗೆ ಜಾಗ ಸಿಗಲಿಲ್ಲ.

ಅಂಗಡಿಯ ಯಜಮಾನರು ಕೈಲಾದದ್ದು ಮಾಡಬಹುದು: ಹತ್ತು ದಿನ, ದಿನಕ್ಕೆ ಒಂದು ಗಂಟೆ ತಡವಾಗಿ ಬರಲು ಬಿಡುವುದು. ಬೆಳಗಿನ ಹತ್ತು ಗಂಟೆಗೆ ಗಿರಾಕಿಗಳೇನು ಮುಗಿಬೀಳುತ್ತಾರೆಯೆ? ಆ ಹತ್ತು ಗಂಟೆ ಕೊಡದೆ ಆಕೆ ಕೆಲಸ ಬಿಟ್ಟರೆ, ಹೊಸಬಳಿಗೆ ಬಟ್ಟೆಯ ಹೆಸರು, ರೇಟು ಕಲಿಸಲು ಹೋಗುವುದು ಎರಡು ತಿಂಗಳು.

ರಜೆಯೇ ಸಿಗದ ತಾಯಿ ಶನಿವಾರ ಸಂಜೆ ಮಗುವನ್ನು ಕರೆದುಕೊಂಡು ಹೋಗಿ ಅರ್ಧ ಗಂಟೆ ಆಡಿಸಿ ಬರಬಹುದು. ತನ್ನ ಹಳೇ ಸೀರೆಯ ತುಂಡೊಂದನ್ನು ಚೀಲದಲ್ಲಿ ಇಡಬಹುದು. ಬಿಡುವ ಕೆಲಸ ಅಪ್ಪನಿಗೂ ಹಂಚಬಹುದು, ಅವರಿಗೇನು ಕೈಕಾಲಿಲ್ಲವೆ? ಹೊರಡುವಾಗ ಮುಖ ನೋಡಿ ಹೇಳಬೇಕು. "ಐದು ಗಂಟೆಗೆ" ಎಂದರೆ ಕೂಸಿಗೆ ತಿಳಿಯದು, "ಮಲಗಿ ಎದ್ದು, ಹಾಲು ಕುಡಿದ ಮೇಲೆ ಬರ್ತೀನಿ" ಎಂದರೆ ತಿಳಿಯುತ್ತದೆ. ಹೇಳಿದ ಮೇಲೆ ಬರಲೇಬೇಕು. ದಸರಾ ಸಮಯದಲ್ಲಿ ಬಸ್ಸುಗಳ ದಾರಿ ಬದಲಾಗಿ ತಡವಾಗುವುದುಂಟು. ಆಗ ಆಯಾಗೆ ಫೋನ್ ಮಾಡಿ, ಹಾಲಾದ ಮೇಲೆ ಇನ್ನೊಂದು ಬಿಸ್ಕತ್ತು ಕೊಟ್ಟು, ಅಮ್ಮ ದಾರಿಯಲ್ಲಿದ್ದಾಳೆ ಎಂದು ಹೇಳಿಸಬೇಕು.